ಬೇಣದಲ್ಲಿ ಮೊದಲ ಮಳೆಗೆ ಎದ್ದ ಈ ಬಿಳಿ ಹೂ ಯಾವುದು? ಗೆಡ್ಡೆ ಕೀಳಲೋ ಬೇಡವೋ?

ಬೇಣದಂಚು | ಜೂನ್ 8
ಶಿರಸಿ ಕಡೆಯವನು. ನಮ್ಮ ತೋಟದ ಮೇಲ್ಗಡೆ ನೆಂಟರದ್ದೊಂದು ಬೇಣ ಇದೆ. ಬೇಸಿಗೆಯಲ್ಲಿ ಅಲ್ಲಿ ಬೋಳು ಮುರಕಲ್ಲು, ಒಣಗಿದ ಹುಲ್ಲು, ಅಲ್ಲೊಂದು ಇಲ್ಲೊಂದು ಕವಳಿ ಮಟ್ಟಿ, ಇಷ್ಟೇ. ಕಳೆದ ವಾರ ಎರಡು ದಿನ ಗುಡುಗು ಮಳೆ ಹೊಡೆಯಿತು. ಮೊನ್ನೆ ಸಂಜೆ ದನ ಹುಡುಕಿಕೊಂಡು ಹೋದವನು ನಿಂತುಬಿಟ್ಟೆ. ಕಲ್ಲಿನ ಸಂದಿ ಸಂದಿಯಲ್ಲಿ ಬಿಳಿ ಹೂ, ಒಂದು ನೂರಾದರೂ ಇದ್ದಾವು. ಗೇಣುದ್ದದ ದಂಟು, ತುದಿಯಲ್ಲಿ ಮೂರೋ ನಾಲ್ಕೋ ಹೂ. ಎಸಳು ಸಪೂರ. ನಡುವೆ ತೆಳ್ಳಗೆ ಒಂದು ಬಟ್ಟಲು, ಬಟ್ಟಲ ಅಂಚಿನಿಂದ ಕೇಸರ ಎದ್ದಿದೆ. ಎಲೆ ಬೆಳ್ಳುಳ್ಳಿ ಎಲೆಯ ಹಾಗೆ, ಈಗಷ್ಟೇ ಬರುತ್ತಿದೆ. ಪರಿಮಳ ಇದೆ. ಮೊಬೈಲು ಮನೆಯಲ್ಲೇ ಬಿಟ್ಟು ಹೋಗಿದ್ದೆ, ಫೋಟೊ ಇಲ್ಲ, ಬೈಯಬೇಡಿ.

ಎರಡು ಪ್ರಶ್ನೆ. ಒಂದು, ಹೆಸರೇನು? ಎರಡು, ಆ ಬೇಣವನ್ನು ಮಳೆಗಾಲ ಮುಗಿದ ಮೇಲೆ ಜೆಸಿಬಿ ಹಾಕಿಸಿ ಸಮ ಮಾಡಿ ಅಡಿಕೆ ಇಡುತ್ತಾರಂತೆ. ಅವರದೇ ಮಾಲ್ಕಿ ಜಾಗ, ನಾನು ಬೇಡ ಅನ್ನುವ ಹಾಗಿಲ್ಲ. ಗೆಡ್ಡೆ ಕಿತ್ತು ನಮ್ಮ ಅಂಗಳಕ್ಕೆ ತಂದರೆ ಬದುಕುತ್ತದಾ?

ಜಯನಗರ_4ನೇ_ಟಿ | ಜೂನ್ 8
ಅದು ರೈನ್ ಲಿಲ್ಲಿ ಸರ್. ನಮ್ಮ ಟೆರೇಸಲ್ಲಿ ಪಾಟ್ ತುಂಬಾ ಇದೆ. ಮಳೆ ಬಂದ ಮೂರನೇ ದಿನಕ್ಕೆ ಹೂ.

ಎಲೆಮರೆ | ಜೂನ್ 8
ಅಲ್ಲ. ರೈನ್ ಲಿಲ್ಲಿಗೆ ದಂಟಿಗೊಂದೇ ಹೂ, ನಡುವೆ ಬಟ್ಟಲು ಇರೋದಿಲ್ಲ. ಅದು ಅಮೆರಿಕದಿಂದ ಬಂದದ್ದು, ಜೆಫಿರಾಂಥಸ್. ಬೇಣದ ಕಲ್ಲಿನ ಸಂದಿಗೆ ಅದನ್ನ ಯಾರು ಹೋಗಿ ನೆಟ್ರು?

ಬಟ್ಟಲು ಇದೆ ಅಂದಿರಲ್ಲ, ಅದೇ ಗುರುತು. ಕೇಸರದ ಬುಡಗಳು ತೆಳು ಪೊರೆಯಿಂದ ಒಂದಕ್ಕೊಂದು ಕೂಡಿಕೊಂಡು ಬಟ್ಟಲಾಗಿರುತ್ತವೆ. ಇದು ಪ್ಯಾಂಕ್ರೇಶಿಯಂ ಕುಲದ್ದು. ಇಲ್ಲಿಯದೇ ಗಿಡ, ಘಟ್ಟದ ಹುಲ್ಲುಗಾವಲು, ಮುರಕಲ್ಲು ಹಾಸುಗಳಲ್ಲಿ ಮೊದಲ ಮಳೆಗೆ ಏಳುತ್ತದೆ. ಟ್ರೈಫ್ಲೋರಮ್, ಪಾರ್ವಮ್ ಅಂತೆಲ್ಲ ಜಾತಿಗಳಿವೆ. ಅದನ್ನ ಹೇಳಬೇಕಾದರೆ ಹೂ ಕೈಯಲ್ಲಿ ಹಿಡಿದು ಕೊಳವೆಯ ಉದ್ದ ಅಳೀಬೇಕು, ನಾನು ಇಲ್ಲಿಂದ ಹೇಳಲಾರೆ.

ಕೆಂಗೇರಿ ಗುಬ್ಬಿ | ಜೂನ್ 8
ಬಟ್ಟಲು ಇರೋ ಬಿಳಿ ಹೂ ಬೆಂಗಳೂರಲ್ಲಿ ರಸ್ತೆ ಡಿವೈಡರ್ ಮೇಲೆಲ್ಲ ಇದೆಯಲ್ಲ? ಸ್ಪೈಡರ್ ಲಿಲ್ಲಿ ಅಂತಾರೆ. ಅದೂ ನಮ್ಮದೇನಾ ಹಾಗಾದ್ರೆ?

ಎಲೆಮರೆ | ಜೂನ್ 8
ಅದು ಹೈಮೆನೊಕ್ಯಾಲಿಸ್, ಅದೂ ಅಮೆರಿಕದ್ದೇ. ಬಟ್ಟಲು ಎರಡಕ್ಕೂ ಇರೋದರಿಂದ ಎಲ್ಲರೂ ಎಡವುತ್ತಾರೆ, ನಾನೂ ಎಡವಿದ್ದೆ. ಡಿವೈಡರ್‌ನದ್ದು ದೊಡ್ಡ ಬುಡ್ಡೆ, ವರ್ಷವಿಡೀ ಹಸಿರು ಎಲೆ. ನಮ್ಮದು ಬೇಸಿಗೆಯಲ್ಲಿ ಮಾಯ. ಅನುಮಾನ ಉಳಿದರೆ ಬೀಜ ಆಗೋವರೆಗೆ ಕಾಯಿರಿ. ಡಿವೈಡರ್‌ನದ್ದರ ಬೀಜ ದಪ್ಪ, ಹಸಿರು, ಎಳೆ ಅವರೆಕಾಳಿನ ಹಾಗೆ ತಿರುಳು ತಿರುಳು. ಪ್ಯಾಂಕ್ರೇಶಿಯಂದು ಒಣ, ಕಪ್ಪು, ಮೂಲೆ ಮೂಲೆ.

ಪದವಿನವ | ಜೂನ್ 8
ಬೇಣ ಅಂದ್ರೆ ಎಂತದು ಮಾರಾಯ್ರೆ? ನಮ್ಮ ಮಂಗಳೂರು ಕಡೆ ಪದವು ಅಂತೇವೆ, ಅದೇಯಾ?

ಬೇಣದಂಚು | ಜೂನ್ 8
ಸುಮಾರು ಅದೇ. ಬೇಣ ಅಂದ್ರೆ ಹುಲ್ಲಿಗೆ ಅಂತ ಬಿಟ್ಟ ಜಾಗ. ಸೊಪ್ಪಿನಬೆಟ್ಟ ಬೇರೆ, ಕಾನು ಬೇರೆ, ಹಕ್ಕಲು ಬೇರೆ. ಪದವು ಅಂದ್ರೆ ಮೇಲೆ ಚಪ್ಪಟೆ ಇರೋದಲ್ವಾ?

ಪದವಿನವ | ಜೂನ್ 9
ಹೌದು, ಚಪ್ಪಟೆ. ಮೈಲುಗಟ್ಟಲೆ ಕೆಂಪುಕಲ್ಲು. ಈಗ ಹೆಸರಲ್ಲಿ ಮಾತ್ರ ಪದವು. ಮೇಲೆ ಲೇಔಟು, ಕಾಲೇಜು, ಕಲ್ಲಿನ ಕೋರೆ. ನಾವು ಶಾಲೆಗೆ ಹೋಗುವಾಗ ಜೂನಲ್ಲಿ ಹೊಸ ಛತ್ರಿ ಹಿಡ್ಕೊಂಡು ಆ ಬಿಳಿ ಹೂ ಕೊಯ್ದು ಟೀಚರ ಮೇಜಿನ ಮೇಲೆ ಇಡ್ತಿದ್ದೆವು. ಮಧ್ಯಾಹ್ನದ ಊಟದ ಬೆಲ್ ಹೊಡೆಯುವಾಗ ಬಾಡಿ ಜೋತು ಬೀಳ್ತಿತ್ತು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಟೀಚರಿಗೂ.

ಕಲ್ಲುಬಡುಕ | ಜೂನ್ 9
ವಿಷಯಾಂತರ, ಕ್ಷಮಿಸಿ. ಈ ಮುರಕಲ್ಲಿಗೆ ಇಂಗ್ಲಿಷರು ಇಟ್ಟ ಲ್ಯಾಟರೈಟ್ ಅನ್ನೋ ಹೆಸರು ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ಮಲಪ್ಪುರಂ ಜಿಲ್ಲೆಯ ಅಂಗಾಡಿಪ್ಪುರಂನಲ್ಲಿ. ಫ್ರಾನ್ಸಿಸ್ ಬುಕಾನನ್ 1800-01ರಲ್ಲಿ ಮೈಸೂರು, ಕೆನರಾ, ಮಲಬಾರು ಸುತ್ತಿ 1807ರಲ್ಲಿ ಪುಸ್ತಕ ತಂದ. ನೆಲದಿಂದ ಕಡಿಯುವಾಗ ಮೆತ್ತಗೆ, ಗಾಳಿಗೆ ಬಿಟ್ಟರೆ ಗಟ್ಟಿ, ಇಟ್ಟಿಗೆ ತರ ಕಟ್ಟಬಹುದು ಅಂತ ಕಂಡು ಲ್ಯಾಟಿನ್ನಿನ 'ಇಟ್ಟಿಗೆ'ಯಿಂದ ಹೆಸರು ಮಾಡಿದ. ನಮ್ಮವರು ಇದೇ ಕಲ್ಲಿಗೆ ಅನ್ನೋ 'ಜಂಬಿಟ್ಟಿಗೆ'ಯಲ್ಲೂ ಇಟ್ಟಿಗೆ ಕೂತಿದೆ ನೋಡಿ! ಯಾರು ಯಾರಿಂದ ಕಲಿತರೋ.

ಹೂವಿಗೂ ಇದಕ್ಕೂ ಸಂಬಂಧ ಇದೆ. ಆ ಹಾಸಿನ ಮೇಲೆ ಮಣ್ಣು ಬೆರಳಷ್ಟು ದಪ್ಪ. ಮಳೆಗಾಲದಲ್ಲಿ ನೀರು ನಿಂತು ಕೆಸರು, ಏಪ್ರಿಲ್‌ನಲ್ಲಿ ಕಾದ ಕಾವಲಿ. ಮರ ಬೇರು ಬಿಡೋಕಾಗಲ್ಲ. ವರ್ಷಕ್ಕೆ ನಾಲ್ಕು ತಿಂಗಳು ದುಡಿದು ಎಂಟು ತಿಂಗಳು ನೆಲದೊಳಗೆ ಮಲಗೋ ಗಿಡಕ್ಕೆ ಮಾತ್ರ ಅಲ್ಲಿ ಸಂಸಾರ ಸಾಧ್ಯ.

ಗೋಕಾಕ_ಕರದಂಟು | ಜೂನ್ 9
ನಮ್ಮ ಕಡೀ ಕಲ್ಲಗುಡ್ಡದಾಗ ಇನ್ನೊಂದ ಐತ್ರಿ. ಅಡವಿ ಉಳ್ಳಾಗಡ್ಡಿ. ಅದು ಮಳೀಗೂ ಕಾಯಂಗಿಲ್ಲ! ಬ್ಯಾಸಗ್ಯಾಗ, ಎಲಿ ಒಂದೂ ಇರಂಗಿಲ್ಲ, ಬರೇ ನೆಲದಾಗಿಂದ ಒಂದ ಕೋಲ ಎದ್ದು ನಿಂತಿರ್ತೈತಿ, ಅದರ ತುಂಬ ಸಣ್ಣ ಸಣ್ಣ ಮಬ್ಬ ಬಣ್ಣದ ಹೂ. ಸಂಜೀಮುಂದ ಅರಳಿದ್ದು ಮುಂಜಾನೆ ಮುಚ್ಚಿರ್ತಾವು. ಎಲಿ ಬರೂದು ಮಳಿ ಆದ ಮ್ಯಾಲೆ. ನಮ್ಮಜ್ಜ ಅದನ್ನ ಮುಟ್ಟಗೊಡತಿರಲಿಲ್ಲ. ಒಂದ ಸಲ ನಾನು ಖರೇ ಉಳ್ಳಾಗಡ್ಡಿ ಅಂತ ತಿಳದು ಕೈಲೆ ಹಿಸುಕಿದ್ದೆ. ಎರಡ ದಿನ ಕೈ ತುರಿಸಿ ತುರಿಸಿ ಕೆಂಪಾಗಿದ್ವು.

ಎಲೆಮರೆ | ಜೂನ್ 9
ಡ್ರಿಮಿಯಾ ಇಂಡಿಕಾ. ಗೆಡ್ಡೆಯ ರಸದಲ್ಲಿ ಸೂಜಿಯಂಥ ಸಣ್ಣ ಹರಳುಗಳಿವೆ, ಅದಕ್ಕೇ ತುರಿಕೆ. ಒಳಗೆ ಹೋದರೆ ಹೃದಯದ ಬಡಿತಕ್ಕೇ ತಟ್ಟೋ ವಿಷ. ಅಜ್ಜ ಸರಿಯಾಗೇ ಹೇಳಿದ್ದಾರೆ.

ಮಾವಿನಗುಂಡಿ | ಜೂನ್ 9
ಬೇಣದಂಚು ಅವರೇ, ಗೆಡ್ಡೆ ಕೀಳಬೇಡಿ. ಎಲ್ಲರೂ "ಉಳಿಸೋಕೆ" ಅಂತಲೇ ಕೀಳೋದು. ನಮ್ಮೂರಲ್ಲಿ ಸೀತೆದಂಡೆ (ಮರದ ಮೇಲೆ ಬೆಳೆಯೋ ಆರ್ಕಿಡ್) ಹೀಗೇ ಖಾಲಿಯಾಯ್ತು. ಮರದಿಂದ ಕಿತ್ತು ತಂದು ಮನೆ ಮುಂದೆ ತೆಂಗಿನಚಿಪ್ಪಲ್ಲಿ ಕಟ್ಟಿದ್ರು, ಎರಡು ವರ್ಷ ಹೂ ಬಿಟ್ಟಿತು, ಆಮೇಲೆ ಒಣಗಿತು. ಈಗ ಮರದಲ್ಲೂ ಇಲ್ಲ ಮನೇಲೂ ಇಲ್ಲ.

ತೋಟಗಾರ_ಸೊರಬ | ಜೂನ್ 9
ಜೆಸಿಬಿ ಬರುತ್ತೆ ಅಂತ ಅವರೇ ಬರೆದಿದ್ದಾರಲ್ಲ. ಕೀಳದೆ ಬಿಟ್ರೆ ಜೆಸಿಬಿ ಏನು ಪೂಜೆ ಮಾಡುತ್ತಾ? ಓದಿ ಬರೀರಿ ಸ್ವಾಮಿ.

ಮಾವಿನಗುಂಡಿ | ಜೂನ್ 9
ಓದಿದೀನಿ. ನೆಂಟರ ಹತ್ರ ಮಾತಾಡಿ ಒಂದು ಮೂಲೆ ಬಿಡ್ಸಿ ಅನ್ನೋಕೆ ಬಂದೆ. ಅಷ್ಟರಲ್ಲಿ ಸ್ವಾಮಿ ಆಗಿಬಿಟ್ಟೆ.

ತೋಟಗಾರ_ಸೊರಬ | ಜೂನ್ 9
ಒಂದು ಮಾತು ನೇರವಾಗಿ ಕೇಳ್ತೀನಿ, ಸಿಟ್ಟಾಗಬೇಡಿ. ವರ್ಷಕ್ಕೆ ಒಂದು ವಾರ ಅರಳೋ ಹೂವಿಗೋಸ್ಕರ ರೈತ ಜಾಗ ಪಾಳು ಬಿಡಬೇಕಾ? ಮೊದಲಾದರೆ ಕೊಟ್ಟಿಗೇಲಿ ಇಪ್ಪತ್ತು ದನ, ಬೇಣದ ಹುಲ್ಲು ಬೇಕಿತ್ತು. ಈಗ ಎರಡು ದನ. ಹುಲ್ಲು ಯಾರು ಕೊಯ್ಯೋದು? ಕೂಲಿಗೆ ಜನ ಎಲ್ಲಿದ್ದಾರೆ? ಹೂ ನೋಡಿದ್ರೆ ಸೊಸೈಟಿ ಸಾಲ ತೀರುತ್ತಾ?

ಹಳೇಪಹಣಿ | ಜೂನ್ 9
ಸೊರಬದವರ ಪ್ರಶ್ನೆ ಸುಳ್ಳಲ್ಲ. ಆದರೆ 'ಪಾಳು' ಅನ್ನೋ ಪದದ ಮೇಲೇ ನನಗೆ ತಕರಾರು. ನಾನು ಕಂದಾಯದ ಕಾಗದಗಳ ನಡುವೆ ಕೆಲಸ ಮಾಡಿ ನಿವೃತ್ತನಾದವನು. ಪಹಣಿಯಲ್ಲಿ ಇಂಥ ಕಲ್ಲುಹಾಸಿಗೆ ಒಂದೇ ಹೆಸರು: ಖರಾಬು. ಬೆಳೆ ಬರದ್ದೆಲ್ಲ ಖರಾಬು. ನಾನೇ ಅದೆಷ್ಟು ಸಲ ಆ ಪದ ಬರೆದಿದ್ದೇನೋ ಲೆಕ್ಕ ಇಲ್ಲ. ಸ್ಥಳ ತನಿಖೆಗೆ ಹೋಗುತ್ತಿದ್ದದ್ದು ಯಾವಾಗಲೂ ಫೆಬ್ರವರಿ ಮಾರ್ಚಿನಲ್ಲಿ, ದಾರಿ ಒಣಗಿದ ಮೇಲೆ. ಜೂನಿನಲ್ಲಿ ಒಂದು ಸಲವೂ ಹೋಗಿಲ್ಲ.

ಕೆಮ್ಮಣ್ಣು ಅಕ್ಕ | ಜೂನ್ 9
ಆಹಾ. ಅದಕ್ಕೇ ಅಕೇಶಿಯಾ ಬಂತು. ಖಾಲಿ ಕಾಣೋ ಗುಡ್ಡಕ್ಕೆಲ್ಲ ಅಕೇಶಿಯಾ ಹಾಕಿದ್ರು. ಅದರ ಎಲೆ ಬೇಗ ಕೊಳೆಯಲ್ಲ, ಚಾಪೆ ಹಾಸಿದ ಹಾಗೆ ಬಿದ್ದಿರುತ್ತೆ. ಅದರ ಕೆಳಗೆ ಹುಲ್ಲೂ ಇಲ್ಲ, ಹೂವೂ ಇಲ್ಲ. ಅಡಿಕೆಯಾದರೂ ಒಬ್ಬರ ಹೊಟ್ಟೆಗೆ ಆಗುತ್ತೆ.

ಜಯನಗರ_4ನೇ_ಟಿ | ಜೂನ್ 10
ನನ್ನ ರೈನ್ ಲಿಲ್ಲಿಯನ್ನ ಯಾರೂ ಮಾತಾಡಿಸ್ತಿಲ್ಲ 😄 ಅಂದಹಾಗೆ ಸುಗಂಧರಾಜ? ಅದಾದ್ರೂ ನಮ್ದಾ?

ಎಲೆಮರೆ | ಜೂನ್ 10
ಮೆಕ್ಸಿಕೊ.

ಜಯನಗರ_4ನೇ_ಟಿ | ಜೂನ್ 10
ಡೇರೆ ಹೂ, ಡೇಲಿಯಾ?

ಎಲೆಮರೆ | ಜೂನ್ 10
ಮೆಕ್ಸಿಕೊ.

ಸಾಗರದ ಸೀಮಾ | ಜೂನ್ 10
ಇರಿ ಇರಿ, ಡೇರೆ ವಿಷಯಕ್ಕೆ ಬಂದ್ರೆ ನಾನು ಸುಮ್ಮನಿರಲ್ಲ! ನಮ್ಮ ಮಲೆನಾಡಿನ ಹೆಂಗಸರಿಗೆ ಡೇರೆ ಗೆಡ್ಡೆ ಅಂದ್ರೆ ಬಂಗಾರ. ಮದುವೆ ಮನೆಗೆ ಹೋದ್ರೂ ಊಟಕ್ಕಿಂತ ಮುಂಚೆ ಅಂಗಳ ಸುತ್ತಿ ಬರೋದು, "ಆ ಕೆಂಪು ತುದಿ ಬಿಳಿ ಇರೋದರ ಗೆಡ್ಡೆ ಒಂದು ಕೊಡೇ" ಅನ್ನೋದು. ನಮ್ಮತ್ತೆ ಬೇಸಿಗೇಲಿ ಗೆಡ್ಡೆ ಕಿತ್ತು ಮರಳಲ್ಲಿ ಹೂತು, ಮೇಲೆ ಬಣ್ಣದ ಚೀಟಿ ಸಿಕ್ಕಿಸಿ ಇಡ್ತಿದ್ರು. ಒಂದು ವರ್ಷ ಮಗ ಚೀಟಿ ಎಲ್ಲ ಕಿತ್ತು ಆಡಿದ. ಆ ಮಳೆಗಾಲವಿಡೀ ಅತ್ತೆ ಅವನ ಹತ್ರ ಸರಿಯಾಗಿ ಮಾತಾಡಲಿಲ್ಲ. ಮೆಕ್ಸಿಕೊ ಆದ್ರೆ ಏನೀಗ, ಮನೆ ಮಗಳಾಗಿದೆ.

ಹೆಸರಘಟ್ಟ_ಸೈಕಲ್ | ಜೂನ್ 10
ಸುಗಂಧರಾಜ ಮೆಕ್ಸಿಕೊದ್ದಾದರೂ ನಮ್ಮ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಶೃಂಗಾರ್, ಸುವಾಸಿನಿ, ಪ್ರಜ್ವಲ್, ವೈಭವ್ ಅಂತ ತಳಿ ತಂದಿದ್ದಾರೆ. ಮೆಕ್ಸಿಕೊದ ಹೂವಿಗೆ ಕನ್ನಡನಾಡಿನ ಹೆಸರುಗಳು. ನಮ್ಮದೇ ಪ್ಯಾಂಕ್ರೇಶಿಯಂಗೆ ಇಷ್ಟು ಜನ ಸೇರಿದ್ರೂ ಒಂದು ಕನ್ನಡ ಹೆಸರು ಸಿಕ್ಕಿಲ್ಲ.

ಇನ್ನೊಂದು. ಹೆಸರಘಟ್ಟದ ಹುಲ್ಲುಗಾವಲಿಗೆ ನಾನು ಸೈಕಲ್ಲಲ್ಲಿ ಹೋಗೋದು ಹಕ್ಕಿ ನೋಡೋಕೆ. ಮಳೆ ಬಿದ್ದ ಮೇಲೆ ನೆಲಕ್ಕೆ ಅಂಟಿಕೊಂಡ, ನೇರಳೆ ಚುಕ್ಕೆ ಚುಕ್ಕೆ ಇರೋ ಎಲೆ ಕಾಣುತ್ತೆ. ನಡುವೆ ಪುಟ್ಟ ಗಂಟೆ ತರದ ಹೂ. ಏನದು?

ಎಲೆಮರೆ | ಜೂನ್ 10
ಲೆಡೆಬೂರಿಯಾ ರೆವೊಲ್ಯೂಟಾ ಇರಬೇಕು. ಅದೂ ಗೆಡ್ಡೆ ಗಿಡವೇ. ಇಲ್ಲೂ ಇದೆ, ಆಫ್ರಿಕಾದಲ್ಲೂ ಇದೆ.

ಕೇಪಿನ ಕನ್ನಡಿಗ | ಜೂನ್ 10
ಆಫ್ರಿಕಾ ಅಂದ ಕೂಡಲೇ ಓಡಿ ಬಂದೆ. ಕೇಪ್‌ಟೌನಿನಲ್ಲಿ ಕೆಲಸ, ಊರು ಹೊನ್ನಾವರ. ಇಲ್ಲಿ ಗೆಡ್ಡೆ ಹೂಗಳದ್ದೇ ರಾಜ್ಯಭಾರ. ಉತ್ತರಕ್ಕೆ ಹೋದರೆ ನ್ಯೂವೌಟ್‌ವಿಲ್ ಅಂತ ಒಂದು ಸಣ್ಣ ಊರು, ಜಗತ್ತಿನ ಗೆಡ್ಡೆ ಹೂಗಳ ರಾಜಧಾನಿ ಅಂತಲೇ ಕರೀತಾರೆ. ನಮ್ಮಲ್ಲಿ ಮಳೆ ಜೂನಿಂದ ಸೆಪ್ಟೆಂಬರ್, ಇಲ್ಲೂ ಮಳೆ ಅದೇ ಹೊತ್ತಿಗೆ, ಆದರೆ ಇಲ್ಲಿ ಅದು ಚಳಿಗಾಲ. ಹೂ ನೋಡೋಕೆ ಆಗಸ್ಟ್ ಸೆಪ್ಟೆಂಬರಲ್ಲಿ ಜನ ಕಾರು ಕಟ್ಟಿಕೊಂಡು ಹೋಗ್ತಾರೆ. ಕಾಡಿಗೆ ಬೆಂಕಿ ಬಿದ್ದ ಕೆಲವೇ ದಿನಕ್ಕೆ ಬೂದಿಯೊಳಗಿಂದ ಕೆಂಪು ಹೂ ಏಳೋ ಜಾತಿಯೂ ಇದೆ, ಸಿರ್ಟಾಂಥಸ್.

ಹೊನ್ನಾವರದ ಗುಡ್ಡದ ಮೇಲೆ ನಾನು ಹದಿನೆಂಟು ವರ್ಷ ಕ್ರಿಕೆಟ್ ಆಡಿದೀನಿ. ಕಾಲಡಿ ಏನಿದೆ ಅಂತ ಒಂದು ದಿನವೂ ಬಗ್ಗಿ ನೋಡಿರಲಿಲ್ಲ. ಇಲ್ಲಿ ಟಿಕೆಟ್ ತಗೊಂಡು ನೋಡ್ತೀನಿ.

ಜಾಂಬೋಟಿ ಮಳಿ | ಜೂನ್ 10
ಟಿಕೆಟ್ ತಗೊಂಡ ನೋಡೂದು ಸಾತಾರಾದ ಕಾಸ್‌ನ್ಯಾಗೂ ಐತ್ರಿ. 2012ರಾಗ ಯುನೆಸ್ಕೊ ಪಟ್ಟಿಗೆ ಪಶ್ಚಿಮಘಟ್ಟ ಸೇರಿತಲ್ಲ, ಅದರಾಗ ಕಾಸ್ ಪಠಾರನೂ (ಚಪ್ಪಟಿ ಕಲ್ಲಗುಡ್ಡ) ಒಂದು. ಶನಿವಾರ ರವಿವಾರ ಜಾತ್ರಿ. ಮಂದಿ ಹೂವಿನ ಮ್ಯಾಲೇ ಕುಂತು ಸೆಲ್ಫಿ ತಗೋತಾರ. ಬೇಲಿ ಹಾಕಿದ್ರು. ಆಮ್ಯಾಗ ಊರ ಮಂದಿ, ದನ ಮೇಯದಿದ್ರ ಹುಲ್ಲ ಎದಿಮಟ ಬೆಳದು ಹೂವಿನ ಗಿಡನ ಮುಚ್ಚತೈತಿ ಅಂದ್ರು. ಮಾತು ಖರೇ ಅನಸತೈತಿ.

ನಮ್ಮ ಜಾಂಬೋಟಿ, ಕಣಕುಂಬಿ, ಚೋರ್ಲಾ ಕಡೀನೂ ಅಂಥಾ ಪಠಾರ ಅದಾವು. ಯಾರಿಗೂ ಹೇಳಬ್ಯಾಡ್ರಿ ಮತ್ತ.

ತೋಟಗಾರ_ಸೊರಬ | ಜೂನ್ 10
ಇಡೀ ಅಂತರ್ಜಾಲಕ್ಕೆ ಹೇಳಿ ಯಾರಿಗೂ ಹೇಳಬೇಡಿ ಅಂತೀರಲ್ರೀ.

ಬೇಣದಂಚು | ಜೂನ್ 11
ನಿನ್ನೆ ಸಂಜೆ ಬ್ಯಾಟರಿ, ಕಂಬಳಿ ಕೊಪ್ಪೆ ಹಿಡಿದು ಹೋಗಿ ಕೂತಿದ್ದೆ. ಮಳೆ ಹೊಳವಾಗಿತ್ತು. ಆರೂವರೆಗೆ ಮೊಗ್ಗು ಕಡ್ಡಿಯ ಹಾಗೆ ಬಿಗಿದುಕೊಂಡಿತ್ತು. ಏಳು ಗಂಟೆ ಹೊತ್ತಿಗೆ ಒಂದು ಎಸಳಿನ ತುದಿ ಬಿಟ್ಟುಕೊಂಡಿತು, ಆಮೇಲೆ ಒಂದೊಂದೇ. ಕತ್ತಲಾದ ಮೇಲೆ ಪರಿಮಳ ಇಡೀ ಬೇಣಕ್ಕೆ. ಎಂಟರ ಸುಮಾರಿಗೆ ಹೆಬ್ಬೆರಳ ಗಾತ್ರದ ಒಂದು ಪತಂಗ ಬಂತು. ಕೂರಲೇ ಇಲ್ಲ, ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಇಳಿಸಿ ಹೂವಿಂದ ಹೂವಿಗೆ ಹೋಯಿತು. ಬ್ಯಾಟರಿ ಹಾಕಿದೆ, ಹಾರಿಹೋಯಿತು. ಹಾಕಬಾರದಿತ್ತು. ಎದ್ದು ಬರುವಾಗ ನೋಡಿದರೆ ಎರಡು ಉಂಬಳ ಕಾಲಿಗೆ.

ಪದವಿನವ | ಜೂನ್ 11
ಓ ಹಾಗಾದರೆ ನಾವು ಬೆಳಿಗ್ಗೆ ಕೊಯ್ದು ಟೀಚರಿಗೆ ಕೊಡ್ತಿದ್ದದ್ದು ರಾತ್ರಿ ಪಾಳಿ ಮುಗಿಸಿದ ಹೂ! ಪಾಪ.

ದಾದಿ ಅಮ್ಮಣ್ಣಿ | ಜೂನ್ 12
ಗೆಡ್ಡೆ ಕೀಳೋ ಮಾತು ಬಂದದ್ದಕ್ಕೆ ಒಂದು ಎಚ್ಚರಿಕೆ. ಗೌರಿ ಹೂ ಗೊತ್ತಲ್ಲ, ಬೇಲಿ ಮೇಲೆ ಹಬ್ಬಿ ಕೆಂಪು ಹಳದಿ ಬೆಂಕಿಯ ಹಾಗೆ ಅರಳೋದು. ಅಗ್ನಿಶಿಖೆ, ಅಕ್ಕತಂಗಿ ಬಳ್ಳಿ, ಕೋಳಿಕುಟುಮ ಅಂತೆಲ್ಲ ಹೆಸರು. ನಮ್ಮ ವಾರ್ಡಿಗೆ ಒಬ್ಬರು ಅದರ ಗೆಡ್ಡೆಯನ್ನ ಗೆಣಸು ಅಂತ ಬೇಯಿಸಿ ತಿಂದು ಬಂದಿದ್ರು. ಮೊದಲ ದಿನ ವಾಂತಿ ಭೇದಿ, ಎಲ್ಲರೂ ಹೊಟ್ಟೆ ಕೆಟ್ಟಿದೆ ಅಂದುಕೊಂಡಿದ್ದು. ಗೆಡ್ಡೆಯ ತುಂಡನ್ನ ಮನೆಯವರು ಆಮೇಲೆ ತಂದು ತೋರಿಸಿದಾಗ ಗೊತ್ತಾಯ್ತು. ಅದರಲ್ಲಿರೋ ಕಾಲ್ಚಿಸಿನ್ ಅನ್ನೋ ವಿಷ ಎಲುಬಿನ ಮಜ್ಜೆಯನ್ನೇ ಹಿಡೀತದೆ, ರಕ್ತದ ಕಣ ಇಳೀತವೆ. ಬದುಕಿದ್ರು, ದೇವರ ದಯೆ. ಆದ್ರೆ ಎರಡು ವಾರಕ್ಕೆ ತಲೆಕೂದಲು ಹಿಡಿ ಹಿಡಿ ಉದುರಿತು. ಮಕ್ಕಳಿರೋ ಮನೆಯ ಅಂಗಳಕ್ಕೆ ಕಾಡು ಗೆಡ್ಡೆ ತರೋ ಮುಂಚೆ ಯೋಚನೆ ಮಾಡಿ.

ಕೆಂಗೇರಿ ಗುಬ್ಬಿ | ಜೂನ್ 12
ಅಯ್ಯೋ, ಗೌರಿ ಹಬ್ಬಕ್ಕೆ ಆ ಹೂವನ್ನೇ ಇಡ್ತೀವಲ್ಲಾ ನಾವು!

ದಾದಿ ಅಮ್ಮಣ್ಣಿ | ಜೂನ್ 12
ಇಡಿ, ಮುಡಿಸಿ. ತಿನ್ನಬೇಡಿ ಅಷ್ಟೆ. ಅದೇ ಕಾಲ್ಚಿಸಿನ್ ಗೌಟ್ ಕಾಯಿಲೆಗೆ ಮಾತ್ರೆಯಾಗಿ ಕೊಡೋದೂ ಹೌದು, ಡಾಕ್ಟರು ಅಳೆದು ಬರೆದರೆ.

ಹಳೇಪಹಣಿ | ಜೂನ್ 12
ಗೌರಿ ಹೂವಿಗೆ ಸಂಸ್ಕೃತದಲ್ಲಿ ಲಾಂಗಲಿ. ಲಾಂಗಲ ಎಂದರೆ ನೇಗಿಲು. ಗೆಡ್ಡೆ ಕಿತ್ತು ನೋಡಿದವರಿಗೆ ಹೆಸರಿನ ಕಾರಣ ತಿಳಿಯುತ್ತದೆ, ನೇಗಿಲಿನ ಹಾಗೇ ಮೂಲೆ ತಿರುಗಿರುತ್ತದೆ. ತಮಿಳುನಾಡಿಗೆ ಇದು ರಾಜ್ಯ ಪುಷ್ಪ. ಅಲ್ಲಿ ಬೀಜಕ್ಕೋಸ್ಕರ ಹೊಲದಲ್ಲಿ ಚಪ್ಪರ ಹಾಕಿ ಬೆಳೆಯುತ್ತಾರೆ. ಸೊರಬದವರು ಗಮನಿಸಬೇಕು, ಹೂವಿನಿಂದಲೂ ಸಾಲ ತೀರುತ್ತದೆ 🙂

ತೋಟಗಾರ_ಸೊರಬ | ಜೂನ್ 12
ಗಮನಿಸಿದೆ. ನಮ್ಮ ಹಂದಿ ಮುಳ್ಳುಹಂದಿಗಳೂ ಗಮನಿಸ್ತಿವೆ. ನೆಲದೊಳಗೆ ಏನಿಟ್ರೂ ಅವಕ್ಕೆ ಮೊದಲು ಗೊತ್ತು.

ಎಲೆಮರೆ | ಜೂನ್ 12
ಒಂದು ತಿದ್ದುಪಡಿ: ಗೌರಿ ಹೂವಿನದ್ದು ಈರುಳ್ಳಿಯಂಥ ಪದರದ ಗೆಡ್ಡೆ ಅಲ್ಲ. ಕನ್ನಡದಲ್ಲಿ ಎಲ್ಲಕ್ಕೂ ಗೆಡ್ಡೆ ಅಂದುಬಿಡ್ತೀವಿ. ಈರುಳ್ಳಿ ಎಲೆಗಳ ಬುಡ ಸೇರಿ ಆದದ್ದು, ಸುವರ್ಣಗೆಡ್ಡೆ ಮತ್ತು ಶುಂಠಿ ಕಾಂಡದಿಂದ ಆದದ್ದು, ಡೇರೆದು ಬೇರು ಊದಿ ಆದದ್ದು. ಬೇಣದಂಚು ಅವರ ಹೂವಿನದ್ದು ಈರುಳ್ಳಿಯ ಹಾಗೆ ಪದರದ ಗೆಡ್ಡೆ.

ಸಾಗರದ ಸೀಮಾ | ಜೂನ್ 12
ಸುವರ್ಣಗೆಡ್ಡೆ ಅಂದಿರಲ್ಲ, ಅದರ ಕಥೆ ಕೇಳಿ. ಒಂದು ಮಳೆಗಾಲ ಶುರುವಲ್ಲಿ ಮನೆಯಿಡೀ ಸತ್ತ ಇಲಿ ವಾಸನೆ. ಅಟ್ಟ ಇಳಿಸಿದೆವು, ಅಕ್ಕಿ ಕಣಜ ಸರಿಸಿದೆವು, ಮಾವನವರಿಗೆ ಬೆನ್ನು ಹಿಡೀತು. ಕೊನೆಗೆ ನೋಡಿದ್ರೆ ಹಿತ್ತಲ ಕಿಟಕಿ ಕೆಳಗೆ ಸುವರ್ಣಗೆಡ್ಡೆ ಹೂ ಬಿಟ್ಟಿದೆ! ಸೆಗಣಿ ಬುಟ್ಟಿಯಷ್ಟು ದೊಡ್ಡದು, ಮಾಂಸದ ಬಣ್ಣ, ಮೇಲೆ ನೊಣ ಜುಂಯ್ ಅಂತಿದ್ದಾವೆ. ಮಾವ ಇವತ್ತಿಗೂ ಅದರ ಪಲ್ಯ ತಿನ್ನಲ್ಲ.

ಮಣ್ಣುಕೈ | ಜೂನ್ 13
ಬೇಣದಂಚು ಅಣ್ಣಾ, ಕೀಳಲೇಬೇಕಾದ್ರೆ ನನ್ನ ತಪ್ಪು ನೀವು ಮಾಡಬೇಡಿ. ನಮ್ಮ ಮನೆ ಕಟ್ಟೋವಾಗ ಸೈಟಲ್ಲಿದ್ದ ಹತ್ತು ಗೆಡ್ಡೆ ತೆಗೆದು ತುಳಸಿಕಟ್ಟೆ ಬುಡದಲ್ಲಿ ನೆಟ್ಟೆ. ಅಮ್ಮ ದಿನಾ ಬೆಳಿಗ್ಗೆ ಒಂದು ಚೊಂಬು ನೀರು. ಗೊಬ್ಬರ ಬೇರೆ. ಮಾರ್ಚಿಗೆ ನೋಡಿದ್ರೆ ಹತ್ತೂ ಕೊಳೆತು ಲೋಳೆ. ಎಲೆ ಹಳದಿಯಾದ ಮೇಲೆ ಒಂದು ಹನಿ ನೀರು ಬೇಡ. ಮುರಕಲ್ಲಿನ ಚೂರು, ಮರಳು, ಸ್ವಲ್ಪ ಅದೇ ಜಾಗದ ಮಣ್ಣು. ಎಲೆ ಇರುವಾಗ ಕೀಳಬೇಡಿ, ಎಲೆ ಒಣಗಿದ ಮೇಲೆ ಜಾಗಕ್ಕೆ ಗುರುತು ಇಟ್ಟು ಆಮೇಲೆ ಕೀಳಿ. ಬೀಜವನ್ನೂ ಕೂಡಿಡಿ. ಬೀಜದಿಂದ ಹೂ ನೋಡೋಕೆ ಮೂರ್ನಾಲ್ಕು ವರ್ಷವಾದ್ರೂ ಬೇಕು.

ಕಾನುಗಾವಲು | ಜೂನ್ 13
ಓದೋ ಬೇರೆಯವರಿಗೆ: ಇದು ಮಾಲ್ಕಿ ಜಾಗದ ಮಾತು. ಮೀಸಲು ಅರಣ್ಯದಿಂದ ಗೆಡ್ಡೆ ಕಿತ್ತರೆ ಅರಣ್ಯ ಕಾಯ್ದೆ ಪ್ರಕಾರ ಅಪರಾಧ. "ವೇದಿಕೆಯಲ್ಲಿ ಹೇಳಿದ್ರು" ಅಂತ ನಮ್ಮ ಹತ್ರ ಬರಬೇಡಿ.

ಬೇಣದಂಚು | ಜುಲೈ 20
ಕಾಯಿ ಒಡೆಯಿತು. ಒಳಗೆ ಕಪ್ಪು ಬೀಜ, ಇದ್ದಿಲ ಚೂರಿನ ಹಾಗೆ ಮೂಲೆ ಮೂಲೆ. ಎಲೆಮರೆ ಅವರು ಹೇಳಿದ್ದೇ ಸರಿ. ಒಂದು ಮುಷ್ಟಿ ಆರಿಸಿ ಕಾಗದದ ಪೊಟ್ಟಣದಲ್ಲಿ ಇಟ್ಟಿದ್ದೇನೆ. ನೆಂಟರ ಹತ್ತಿರವೂ ಮಾತಾಡಿದೆ. ಅವರು ನಕ್ಕು, "ಹೂವಿನ ಮೂಲೆ ಬೇಕಾರೆ ನಿಂಗೇ ಬರ್ಕೊಡ್ತೆ, ಅಡಿಕೆ ಸಸಿ ಎಷ್ಟು ಕೊಡ್ತೆ ಹೇಳು" ಅಂದರು.

ಮಾವಿನಗುಂಡಿ | ಜುಲೈ 20
ಅದು ಹೌದೋ ಅಲ್ಲವೋ?

ಬೇಣದಂಚು | ಜುಲೈ 20
ನಮ್ಮಲ್ಲಿ ಹಾಗಂದರೆ ಎರಡೂ ಅಲ್ಲ.

ಬೇಣದಂಚು | ಡಿಸೆಂಬರ್ 17
ಜೆಸಿಬಿ ಮೊನ್ನೆ ಬಂತು. ಹಿಂದಿನ ದಿನ ನಾನೂ ಮಗಳೂ ಗುದ್ದಲಿ, ಹಾರೆ ಹಿಡಿದು ಹೋದೆವು. ಅಕ್ಟೋಬರಿನಲ್ಲೇ ಎಲೆ ಒಣಗುವ ಹೊತ್ತಿಗೆ ಬಿದಿರಿನ ಕಡ್ಡಿ ಊರಿಟ್ಟಿದ್ದೆ. ಗೆಡ್ಡೆ ಇಷ್ಟು ಆಳಕ್ಕೆ ಇರುತ್ತದೆ ಅಂತ ಯಾರೂ ಹೇಳಲಿಲ್ಲವಲ್ಲ! ಕಲ್ಲಿನ ಬಿರುಕಿನೊಳಗೆ ಗೇಣಿಗಿಂತ ಕೆಳಗೆ. ಉದ್ದ ಕತ್ತು, ಕಂದು ಸಿಪ್ಪೆ ಪದರ ಪದರ, ಕೈಯಲ್ಲಿ ಹಿಡಿದರೆ ಸಣ್ಣ ಈರುಳ್ಳಿಯಷ್ಟೇ. ಮೊದಲ ಮೂರು ಗುದ್ದಲಿ ಏಟಿಗೇ ತುಂಡಾದವು. ಆಮೇಲೆ ಮಗಳು ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಹಳೇ ಅಲಗು ತಂದು ಕೆದಕಿ ಕೆದಕಿ ತೆಗೆದಳು. ಸಂಜೆವರೆಗೆ ಸಿಕ್ಕಿದ್ದು ಇಪ್ಪತ್ತಾರು. ಬುಡದ ಕೆಲವು ಬೇರು ದಪ್ಪ, ಎರೆಹುಳದ ಮೈಯ ಹಾಗೆ ಸುಕ್ಕು ಸುಕ್ಕು. ಅದೇಕೆ?

ಎಲೆಮರೆ | ಡಿಸೆಂಬರ್ 17
ಆ ಸುಕ್ಕುಗಟ್ಟಿದ ಬೇರುಗಳೇ ಗೆಡ್ಡೆಯನ್ನ ಕೆಳಕ್ಕೆ ಎಳೆಯೋದು. ಬೇರು ಆಳಕ್ಕೆ ಇಳಿದು ಹಿಡಿದುಕೊಂಡು ಆಮೇಲೆ ಕುಗ್ಗುತ್ತದೆ, ಗೆಡ್ಡೆ ವರ್ಷವರ್ಷ ಸ್ವಲ್ಪ ಸ್ವಲ್ಪ ಇಳಿಯುತ್ತದೆ. ಬೀಜ ಮೊಳೆತದ್ದು ಮೇಲೆ, ನೀವು ಗೆಡ್ಡೆ ಕಂಡದ್ದು ಗೇಣು ಕೆಳಗೆ. ಅಷ್ಟು ಇಳಿಯೋಕೆ ಎಷ್ಟೋ ಮಳೆಗಾಲ ಬೇಕು. ನೀವು ಸಣ್ಣ ಈರುಳ್ಳಿ ಅಂದದ್ದು ನಿಮ್ಮ ಮಗಳ ವಯಸ್ಸಿನದ್ದೇ ಇದ್ದೀತು.

ಬೇಣದಂಚು | ಡಿಸೆಂಬರ್ 17
ಅವಳಿಗೆ ಓದಿ ಹೇಳಿದೆ. ತುಂಡಾದ ಮೂರನ್ನೂ ಹೋಗಿ ಎತ್ತಿಕೊಂಡು ಬಂದಿದ್ದಾಳೆ.

ತೋಟಗಾರ_ಸೊರಬ | ಡಿಸೆಂಬರ್ 18
ತುಂಡಿನ ಗಾಯಕ್ಕೆ ಬೂದಿ ಸವರಿ ನೆರಳಲ್ಲಿ ಒಂದು ವಾರ ಒಣಗಿಸಿ, ಆಮೇಲೆ ಮರಳಲ್ಲಿಡಿ. ಬೇರು ಹುಟ್ಟೋ ಬುಡದ ಬಿಲ್ಲೆ ಉಳಿದಿದ್ರೆ ಮರಿ ಒಡೆಯಬಹುದು. ನೀರು ಹಾಕಬೇಡಿ, ಮುಳ್ಳುಹಂದಿಗೆ ಮೇಲೆ ತಂತಿಬಲೆ ಮುಚ್ಚಿ. ಮತ್ತೆ... ಬೀಜ ಹೆಚ್ಚಿದ್ರೆ ನನಗೂ ನಾಲ್ಕು ಕಳ್ಸಿ. ನಮ್ಮ ಬೇಣದಲ್ಲಿ ಒಂದು ಮೂಲೆ ಕಲ್ಲೇ ಕಲ್ಲು, ಅಡಿಕೆ ಹೇಗೂ ಏಳಲ್ಲ.

ಮಾವಿನಗುಂಡಿ | ಡಿಸೆಂಬರ್ 18
ಸ್ವಾಮಿ, ಇದು ನೀವೇನಾ ಬರೆದದ್ದು?

ಜಯನಗರ_4ನೇ_ಟಿ | ಡಿಸೆಂಬರ್ 18
ನನ್ನ ರೈನ್ ಲಿಲ್ಲಿ ಗೆಡ್ಡೆ ಯಾರಿಗಾದ್ರೂ ಬೇಕಾ? ಬಕೆಟ್ ತುಂಬಾ ಇದೆ.